ದೈತ್ಯ ಹಕ್ಕಿಯನ್ನು ನೆಲಕ್ಕಿಳಿಸಿದ ಬಗೆ

ಒಬ್ಬೊಬ್ಬರೂ ಒಂದೊಂದು ಪಾತ್ರವಹಿಸಿ, ದಾಳ ಉರುಳಿಸಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಿಗೆ ಸಾಹಸಕಥೆಗಳನ್ನು ಸಿದ್ಧಪಡಿಸುವ ಬೆಂಗಳೂರಿನ ಸಣ್ಣ ಸಂಸ್ಥೆಯೊಂದರಲ್ಲಿ ನಾನು ನಿಯಮಗಳ ಸಂಪಾದಕನಾಗಿ ಕೆಲಸ ಮಾಡುತ್ತೇನೆ. ಕಥೆ ಬರೆಯುವವರು ಬೇರೆ. ಅವರ ಕಥೆಯಲ್ಲಿ ಬರುವ ಪ್ರಾಣಿಗಳಿಗೂ ರಾಕ್ಷಸರಿಗೂ ಅಂಕಿಗಳನ್ನು ಹೊಂದಿಸಿ, ಐದಾರು ಜನ ಮೇಜಿನ ಸುತ್ತ ಕುಳಿತು ಆಡಿದಾಗ ಅವು ಕಥೆಗೆ ತಕ್ಕಂತೆ ನಡೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸುವುದು ನನ್ನ ಪಾಲಿನ ಕೆಲಸ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾದ ಮೇಲೆ, ಅವುಗಳಲ್ಲಿರುವ ಜೀವಿಗಳನ್ನು ನಮ್ಮಂಥ ಸಣ್ಣ ಸಂಸ್ಥೆಗಳೂ ನಿರಾತಂಕವಾಗಿ ಬಳಸಬಹುದಾಗಿದೆ. ರಾಕ್ ಎಂಬ ದೈತ್ಯ ಬೇಟೆಹಕ್ಕಿ ಆ ಜೀವಿಗಳಲ್ಲೊಂದು.

ಅರಬ್ಬರ ಕಥೆಗಳಲ್ಲಿ ಇದರ ಹೆಸರು ರುಖ್. ಆನೆಯನ್ನು ಮೇಲಕ್ಕೆತ್ತಿಕೊಂಡು ಹೋಗಿ, ಅಲ್ಲಿಂದ ಬೀಳಿಸಿ ಕೊಂದು ತಿನ್ನುವ ಹಕ್ಕಿಯ ಕುರಿತು ತಾನು ಕೇಳಿದ್ದನ್ನು ಮಾರ್ಕೊ ಪೋಲೊ ಕೂಡ ಬರೆದಿಟ್ಟಿದ್ದಾನೆ. ಆಟದ ನಿಯಮದಲ್ಲಿ ಅದಕ್ಕೆ 248 ಹಿಟ್ ಪಾಯಿಂಟ್‌ಗಳಿವೆ, ಅಂದರೆ ಅದು ಅಷ್ಟು ಅಂಕದ ಪೆಟ್ಟು ತಾಳಬಲ್ಲದು. ಆರು ಸೆಕೆಂಡಿನ ಒಂದು ಸುತ್ತಿನಲ್ಲಿ ಅದು 120 ಅಡಿ ಹಾರಬಲ್ಲದು. ಉಗುರಿನ ಪೆಟ್ಟು ತಗುಲಿದವನು ಅದರ ಹಿಡಿತಕ್ಕೆ ಸಿಕ್ಕಿಬೀಳುತ್ತಾನೆ. ಹನ್ನೊಂದನೆಯ ಹಂತದ ಪಾತ್ರಗಳಿಗಾಗಿ ಬರೆದ ಒಂದು ಕಣಿವೆಯ ಕಥೆಯಲ್ಲಿ ನಾನು ಈ ಅಂಕಿಗಳನ್ನು ಇದ್ದಂತೆಯೇ ಎತ್ತಿಕೊಂಡು, ಹಕ್ಕಿ ಹೇಗೆ ಕಾದುತ್ತದೆ ಎಂಬಲ್ಲಿ "ಹಿಡಿದು, ಮೇಲೇರಿ, ಕೈಬಿಡುತ್ತದೆ" ಎಂದಷ್ಟೇ ಬರೆದೆ. ಆ ಸಾಲು ನನ್ನ ತಪ್ಪು.

ಪ್ಲೇಟೆಸ್ಟ್‌ನಲ್ಲಿ, ಅಂದರೆ ಆಡಿ ನೋಡುವ ಪರೀಕ್ಷೆಯಲ್ಲಿ, ಆದದ್ದು ಇಷ್ಟು. ಮೊದಲ ಸುತ್ತಿನಲ್ಲಿ ಹಕ್ಕಿ 60 ಅಡಿ ಎತ್ತರದಿಂದ ಎರಗಿ ಮಾಂತ್ರಿಕನನ್ನು ಹಿಡಿದು ಮತ್ತೆ 60 ಅಡಿ ಮೇಲೇರಿತು. ಎರಡನೆಯ ಸುತ್ತಿನಲ್ಲಿ ಇನ್ನೂ 120 ಅಡಿ ಏರಿ ಕೈಬಿಟ್ಟಿತು. ಹತ್ತು ಅಡಿಗೆ ಆರು ಮುಖದ ಒಂದು ದಾಳದಂತೆ, 180 ಅಡಿಯ ಬೀಳುವಿಕೆಗೆ 18 ದಾಳಗಳು, ಸರಾಸರಿ 63 ಪಾಯಿಂಟ್‌ಗಳ ಪೆಟ್ಟು. ಉಗುರಿನ ಸರಾಸರಿ 23 ಸೇರಿದರೆ 86. ಮಾಂತ್ರಿಕನ ಬಳಿ ಇದ್ದದ್ದು 68. ಗರಿಯಂತೆ ಹಗುರವಾಗಿ ಇಳಿಸುವ ಮಂತ್ರವನ್ನು ಅವನು ಆ ದಿನ ಸಿದ್ಧಪಡಿಸಿಕೊಂಡಿರಲಿಲ್ಲ. ಬಳಿಕ ಅರ್ಚಕಿಗೂ ಅದೇ ಗತಿಯಾಯಿತು. ದೊಡ್ಡ ಕತ್ತಿ ಹಿಡಿದ ಯೋಧನ ಪಾತ್ರವಹಿಸಿದ್ದವರು ಆ ಸಂಜೆಯೆಲ್ಲ ಆಕಾಶದತ್ತ ಈಟಿ ಎಸೆಯುತ್ತ ಕುಳಿತರು.

ಅಂಕಿಗಳನ್ನು ಮತ್ತೆ ನೋಡಿದಾಗ ಇನ್ನೂ ಆಳದ ದೋಷ ಕಂಡಿತು. ಹಿಡಿತದಿಂದ ಬಿಡಿಸಿಕೊಳ್ಳಲು ಇಪ್ಪತ್ತು ಮುಖದ ದಾಳ ಉರುಳಿಸಿ, ಮೈಬಲಕ್ಕೆ ತಕ್ಕಂತೆ ಅಂಕ ಕೂಡಿಸಿ ಅಥವಾ ಕಳೆದು ಒಟ್ಟು 19 ಬರಬೇಕು. ಮೈಬಲವಿಲ್ಲದ ಮಾಂತ್ರಿಕನಿಗೆ ಅದು ಇಪ್ಪತ್ತರಲ್ಲಿ ಒಮ್ಮೆ ಮಾತ್ರ ಸಾಧ್ಯ. ಆದರೆ ಅಷ್ಟು ಅಪರೂಪದ ದಾಳ ಬಿದ್ದು ಬಿಡಿಸಿಕೊಂಡರೂ ಅವನು ಹಕ್ಕಿ ಏರಿದ ಎತ್ತರದಿಂದಲೇ ಬೀಳುತ್ತಾನೆ. ಸೋತರೂ ಬೀಳುವುದು, ಗೆದ್ದರೂ ಬೀಳುವುದು ಎಂಬ ಸ್ಥಿತಿಯಲ್ಲಿ ಆಟಗಾರನ ಮುಂದೆ ಆಯ್ಕೆಯೇ ಉಳಿದಿರುವುದಿಲ್ಲ, ಮತ್ತು ಆಯ್ಕೆಯಿಲ್ಲದ ಅಪಾಯಕ್ಕೆ ಯಾರೂ ಹೆದರುವುದಿಲ್ಲ, ಬೇಸರಪಡುತ್ತಾರೆ. ಹೆದರಿಕೆ ಹುಟ್ಟಿಸಲೆಂದೇ ಕಥೆಯಲ್ಲಿ ತಂದ ಹಕ್ಕಿಯ ಎದುರು ಎಲ್ಲರೂ ಬೇಸರದಿಂದ ಕುಳಿತಿದ್ದನ್ನು ನೋಡಿದ್ದು ನನಗೆ ನಿಜಕ್ಕೂ ನೋವಿನ ಸಂಗತಿಯಾಗಿತ್ತು.

ಮರುದಿನದ ಸಭೆಯಲ್ಲಿ ಹಿಟ್ ಪಾಯಿಂಟ್ ಇಳಿಸೋಣ, ವೇಗ ತಗ್ಗಿಸೋಣ ಎಂಬ ಮಾತುಗಳೇ ಬಂದವು. ಚಿತ್ರ ಬರೆಯುವ ಸಹೋದ್ಯೋಗಿಯೊಬ್ಬರು ಮಾತ್ರ, ಈ ಹಕ್ಕಿ ದಿನವೂ ಏನನ್ನು ತಿನ್ನುತ್ತದೆ ಎಂದು ಕೇಳಿದರು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಅವರು ನೋಡಿದ್ದ ಸಾಲುಶಿಲ್ಪ ಅವರ ಮನಸ್ಸಿನಲ್ಲಿತ್ತು: ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಕೊನೆಗೆ ಶರಭವನ್ನು ಗಂಡಭೇರುಂಡ ಹಿಡಿಯುತ್ತದೆ. ಅಚ್ಯುತದೇವರಾಯನ ನಾಣ್ಯಗಳಲ್ಲಿ ಅದೇ ಗಂಡಭೇರುಂಡ ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳನ್ನು ಹಿಡಿದಿರುವುದನ್ನು ನಾನೂ ಬಲ್ಲೆ. ನಮ್ಮ ಶಿಲ್ಪಿಗಳೂ ಟಂಕಸಾಲೆಯವರೂ ಆ ಹಕ್ಕಿಯ ಬಲವನ್ನು ತೋರಿಸಿದ್ದು ಅದರ ಬೇಟೆಯ ಮೂಲಕ. ನನ್ನ ಸ್ಟ್ಯಾಟ್ ಬ್ಲಾಕ್‌ನಲ್ಲಿ, ಅಂದರೆ ಹಕ್ಕಿಯ ಅಂಕಿಗಳ ಹಾಳೆಯಲ್ಲಿ, ಬೇಟೆಯ ಹೆಸರೇ ಇರಲಿಲ್ಲ.

ಹೀಗಾಗಿ ಒಂದು ವಾರ ನಾನು ನಿಜವಾದ ಬೇಟೆಹಕ್ಕಿಗಳ ಬಗ್ಗೆ ಓದಿದೆ. ನನಗೆ ಹೆಚ್ಚು ಕಲಿಸಿದ್ದು ನ್ಯೂಜಿಲೆಂಡಿನ ಹಾಸ್ಟ್ ಹದ್ದು. ತಿಳಿದಿರುವ ಹದ್ದುಗಳಲ್ಲೆಲ್ಲ ಅತಿ ದೊಡ್ಡದಾದ ಇದರ ತೂಕ ಸುಮಾರು 10ರಿಂದ 15 ಕಿಲೋ. ಅದು ಬೇಟೆಯಾಡುತ್ತಿದ್ದದ್ದು ಮೋವಾ ಎಂಬ ಹಾರಲಾರದ ಹಕ್ಕಿಗಳನ್ನು, ಅವುಗಳಲ್ಲಿ ದೊಡ್ಡವು 200 ಕಿಲೋಗೂ ಮಿಕ್ಕಿದ್ದವು. ಮೋವಾಗಳ ಸೊಂಟದ ಮೂಳೆಗಳಲ್ಲಿ ಈ ಹದ್ದಿನ ಉಗುರುಗಳು ಕೊರೆದ ತೂತುಗಳು ಇಂದಿಗೂ ಉಳಿದಿವೆ. ಮಾವೊರಿ ಜನರು ಆ ದ್ವೀಪಗಳಲ್ಲಿ ನೆಲೆಸಿ ಮೋವಾಗಳನ್ನು ಬೇಟೆಯಾಡಿ ಮುಗಿಸಿದ ಮೇಲೆ, ಸುಮಾರು 600 ವರ್ಷಗಳ ಹಿಂದೆ ಹದ್ದೂ ಅಳಿಯಿತು. ತನಗಿಂತ ಹತ್ತು ಪಟ್ಟಿಗೂ ಹೆಚ್ಚು ಭಾರದ ಬೇಟೆಯನ್ನು ಯಾವ ಹಕ್ಕಿಯೂ ಎತ್ತಿಕೊಂಡು ಹಾರಲಾರದು. ಅದು ಬೇಟೆಯನ್ನು ಬಿದ್ದಲ್ಲೇ ತಿನ್ನಬೇಕು. ಅಂದರೆ ಜಗತ್ತಿನ ಅತ್ಯಂತ ಬಲಿಷ್ಠ ಹದ್ದು ಊಟಕ್ಕೆ ನೆಲದ ಮೇಲೇ ಕೂರುತ್ತಿತ್ತು. ಇದನ್ನು ಓದಿದ ಕ್ಷಣದಲ್ಲಿ ನನಗೆ ಈಟಿ ಎಸೆಯುತ್ತಿದ್ದ ಯೋಧ ನೆನಪಾದ.

ಎತ್ತರದಿಂದ ಬೀಳಿಸುವ ಹಕ್ಕಿಗಳು ಇಲ್ಲವೆಂದಲ್ಲ. ಗಡ್ಡದ ರಣಹದ್ದು ಮೂಳೆಗಳನ್ನು ಬಂಡೆಯ ಮೇಲೆ ಬೀಳಿಸಿ ಒಡೆದು ತಿನ್ನುತ್ತದೆ. ಕೆಲವು ಹದ್ದುಗಳು ಆಮೆಗಳನ್ನೂ ಹಾಗೆಯೇ ಒಡೆಯುತ್ತವೆ. ಆದರೆ ಅವು ಬೀಳಿಸುವುದು ಗಟ್ಟಿ ಕವಚವನ್ನು ಒಡೆಯಲು. ಮೆತ್ತನೆಯ ಮನುಷ್ಯನನ್ನು ಹಿಡಿದ ಹಸಿದ ಹಕ್ಕಿಗೆ ಅವನನ್ನು ಕೈಬಿಡಲು ಕಾರಣವಿಲ್ಲ.

ಹೊಸ ಹಾಳೆಯಲ್ಲಿ ಹಕ್ಕಿಯ ಗಾತ್ರವನ್ನು ಒಂದು ಹಂತ ಇಳಿಸಿ, ಅದಕ್ಕೆ ರಾಕ್ ಎಂಬ ಹೆಸರನ್ನು ಬಿಟ್ಟು ಬೇರೆ ಹೆಸರಿಟ್ಟು, 160 ಹಿಟ್ ಪಾಯಿಂಟ್ ಕೊಟ್ಟೆ. ಅದು ಮೊದಲು ಎರಗುವುದು ಸಾಮಾನು ಹೊತ್ತ ಕುದುರೆಯ ಮೇಲೆ. ಕೊಂದ ಮೇಲೆ ರೆಕ್ಕೆ ಹರಡಿ ಹೆಣದ ಮೇಲೆ ಕೂರುತ್ತದೆ, ಹತ್ತಿರ ಬಂದವರನ್ನು ಕೊಕ್ಕಿನಿಂದ ಓಡಿಸುತ್ತದೆ, ನೆಲದ ಮೇಲೆ ಅದರ ನಡಿಗೆ ಸುತ್ತಿಗೆ 20 ಅಡಿ ಮಾತ್ರ. ಮನುಷ್ಯನನ್ನು ಹಿಡಿದರೆ 600 ಅಡಿ ದೂರದ ಗೂಡಿಗೆ ಒಯ್ಯುತ್ತದೆ, ಅದಕ್ಕೆ ಐದು ಸುತ್ತುಗಳು ಬೇಕು, ಮತ್ತು ಆ ಐದು ಸುತ್ತುಗಳಲ್ಲಿ ಉಳಿದವರೆಲ್ಲರಿಗೂ ಮಾಡಲು ಕೆಲಸವಿರುತ್ತದೆ. ಅರ್ಧದಷ್ಟು, ಅಂದರೆ 80 ಪಾಯಿಂಟ್‌ಗಳ ಪೆಟ್ಟು ಬಿದ್ದರೆ ಅದು ಹಾರಿಹೋಗುತ್ತದೆ, ಏಕೆಂದರೆ ರೆಕ್ಕೆ ಮುರಿದ ಬೇಟೆಹಕ್ಕಿ ಹಸಿವಿನಿಂದ ಸಾಯುತ್ತದೆ. ಓಡಿಸಿದ್ದಕ್ಕೂ ಕೊಂದಷ್ಟೇ ಅನುಭವಾಂಕ ಕೊಡಬೇಕೆಂದು ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಸೂಚನೆ ಬರೆದೆ.

ಎರಡನೆಯ ಪರೀಕ್ಷೆಯಲ್ಲಿ ಕುದುರೆ ಸತ್ತಿತು. ಅದರ ಮೇಲೆ ಕುಳಿತ ಹಕ್ಕಿಯ ಬಳಿಗೆ ಹೋಗಬೇಕೇ, ಕುದುರೆಯನ್ನು ಅದಕ್ಕೇ ಬಿಟ್ಟು ಕಣಿವೆ ದಾಟಬೇಕೇ ಎಂದು ಆಟಗಾರರು ಬಹಳ ಹೊತ್ತು ತಗ್ಗಿದ ದನಿಯಲ್ಲಿ ಚರ್ಚಿಸಿದರು. ಹಕ್ಕಿ ಮೇಜಿನ ಆಚೆಯಲ್ಲೇ ಇದೆಯೇನೋ ಎಂಬಂತಿತ್ತು ಅವರ ಮಾತು. ಔಷಧಿಯ ಚೀಲ ಕುದುರೆಯ ಬೆನ್ನಿನಲ್ಲೇ ಇದ್ದುದರಿಂದ ಕೊನೆಗೆ ಯೋಧ ಹೋದ.

ಈಗ ನನ್ನ ಮುಂದಿರುವುದು ಹಾರದ ಬೇಟೆಹಕ್ಕಿ. ಮೂಲ ನಿಯಮಗಳಲ್ಲಿ ಆಕ್ಸ್ ಬೀಕ್, ಅಂದರೆ ಕೊಡಲಿಕೊಕ್ಕು, 19 ಹಿಟ್ ಪಾಯಿಂಟ್‌ಗಳ ಸಣ್ಣ ಎದುರಾಳಿ. ಅರ್ಜೆಂಟೀನಾದಲ್ಲಿ ಸುಮಾರು 60 ಲಕ್ಷ ವರ್ಷಗಳ ಹಿಂದೆ ಬದುಕಿದ್ದ ಆಂಡಾಲ್ಗಲೋರ್ನಿಸ್ ಎಂಬ ಟೆರರ್ ಬರ್ಡ್‌ನ, ಅಂದರೆ ಹಾರಲಾರದ ದೊಡ್ಡ ಬೇಟೆಹಕ್ಕಿಯ, ತಲೆಬುರುಡೆಯನ್ನು 2010ರಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು, ಅದು ಮೇಲಿನಿಂದ ಕೆಳಕ್ಕೆ ಕುಕ್ಕಲು ಬಲವಾಗಿದ್ದರೂ ಅಕ್ಕಪಕ್ಕದ ಎಳೆತಕ್ಕೆ ದುರ್ಬಲವಾಗಿತ್ತೆಂದು ತೋರಿಸಿದರು. ದೊಡ್ಡ ಬೇಟೆಯನ್ನು ಕಚ್ಚಿ ಹಿಡಿದು ಸೆಣಸದೆ, ಒಮ್ಮೆ ಕುಕ್ಕಿ ಹಿಂದೆ ಸರಿದು ಮತ್ತೆ ಬರುತ್ತಿದ್ದಿರಬೇಕು ಎಂಬುದು ಅವರ ಊಹೆ. ಆದ್ದರಿಂದ ಈ ಹಕ್ಕಿಯ ಹಾಳೆಯಲ್ಲಿ ಹಿಡಿತದ ನಿಯಮವನ್ನು ಸೇರಿಸಿಲ್ಲ; ಪ್ರತಿ ಪೆಟ್ಟಿನ ನಂತರ ಅದು ಹತ್ತು ಅಡಿ ಹಿಂದೆ ಸರಿಯುತ್ತದೆ. ಮುಂದಿನ ಶನಿವಾರ ಅದನ್ನು ಮೇಜಿಗೆ ತರುತ್ತೇವೆ.