137 ಎಂಬ ಸಂಖ್ಯೆಯೂ ಹತ್ತು ಸೆಕೆಂಡುಗಳ ಲೆಕ್ಕವೂ

ಸರತಿಯಲ್ಲಿ ಬಂದು ನಿಲ್ಲುವ ಇಮೇಲ್‌ಗಳನ್ನು ಗುಂಪುಗುಂಪಾಗಿ ತೆಗೆದುಕೊಂಡು ಬಳಕೆದಾರರಿಗೆ ಕಳುಹಿಸುವ ಸಣ್ಣ ಸರ್ವಿಸ್ ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಅದನ್ನು ಕಂಟೇನರಿಗೆ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ, ಡಾಕರ್ ಎಂಬ ಸಾಧನದ ಪೆಟ್ಟಿಗೆಗೆ) ಸಾಗಿಸುವಾಗ, ಅದನ್ನು ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲನ್ನೂ ಕಂಟೇನರ್ ಎದ್ದೊಡನೆ ಓಡುವ ಶೆಲ್ ಸ್ಕ್ರಿಪ್ಟನ್ನೂ ಎಐ ಸಹಾಯಕದಿಂದಲೇ ಬರೆಸಿದೆ. ಬಿಲ್ಡ್ ಮೊದಲ ಯತ್ನದಲ್ಲೇ ಯಶಸ್ವಿಯಾಯಿತು. ಆ ಸ್ಕ್ರಿಪ್ಟ್ ಮೊದಲು ಡೇಟಾಬೇಸಿನ ಮೈಗ್ರೇಶನ್ (ರಚನೆಯ ಬದಲಾವಣೆ) ಮುಗಿಸಿ, ಕೊನೆಯ ಸಾಲಿನಲ್ಲಿ ನಮ್ಮ ಪ್ರೋಗ್ರಾಮನ್ನು ಚಾಲೂ ಮಾಡುತ್ತಿತ್ತು. ಎಲ್ಲವನ್ನೂ ಓದಿ ಒಪ್ಪಿದೆ ಎಂದು ಆಗ ಬರೆದುಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಕಣ್ಣಾಡಿಸಿದ್ದೆ, ಅಷ್ಟೆ.

ಕೆಲವು ವಾರಗಳ ನಂತರ, ಒಂದೇ ಇಮೇಲ್ ಎರಡೆರಡು ಸಲ ಬರುತ್ತಿದೆ ಎಂಬ ದೂರುಗಳು ಶುರುವಾದವು. ಲಾಗ್ ತೆಗೆದು ನೋಡಿದರೆ ಕಂಟೇನರ್ 137 ಎಂಬ ಸಂಕೇತದೊಂದಿಗೆ ಕೊನೆಗೊಂಡಿತ್ತು. ಆ ಒಂದು ಸಾಲನ್ನು ಸಹಾಯಕದ ಮುಂದಿಟ್ಟೆ. ಮೆಮೊರಿ ಸಾಲದೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಪ್ರೋಗ್ರಾಮನ್ನು ಕೊಂದಿದೆ, ಮಿತಿಯನ್ನು ಏರಿಸಿ ಎಂದು ಅದು ಎಳ್ಳಷ್ಟೂ ಅಳುಕಿಲ್ಲದೆ ಉತ್ತರಿಸಿತು. 512 ಎಂಬಿಯಿಂದ 1 ಜಿಬಿಗೆ, ಆಮೇಲೆ 2 ಜಿಬಿಗೆ ಏರಿಸಿದೆವು. ದೂರುಗಳು ನಿಲ್ಲಲಿಲ್ಲ.

ಈ ಸಂಖ್ಯೆಯ ಅರ್ಥವನ್ನು ನಾನೇ ಬಿಡಿಸಿ ನೋಡಬೇಕಿತ್ತು. ಸಿಗ್ನಲ್‌ನಿಂದ (ಪ್ರೋಗ್ರಾಮಿಗೆ ಕಳುಹಿಸುವ ಸೂಚನೆಯಿಂದ) ಸತ್ತ ಪ್ರೋಗ್ರಾಮಿನ ಸಂಕೇತವು 128ಕ್ಕೆ ಆ ಸಿಗ್ನಲ್‌ನ ಸಂಖ್ಯೆ ಸೇರಿಸಿದಷ್ಟಿರುತ್ತದೆ. 137 ಎಂದರೆ ಒಂಬತ್ತನೆಯ ಸಿಗ್ನಲ್, ಅಂದರೆ ಸಿಗ್‌ಕಿಲ್. ಯಾರೋ ಬಲವಂತವಾಗಿ ಕೊಂದಿದ್ದಾರೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಕೊಂದವರು ಯಾರೆಂಬುದು ತಿಳಿಯುವುದಿಲ್ಲ. ಮೆಮೊರಿ ಮೀರಿದಾಗ ಕರ್ನಲ್ ಕೊಲ್ಲುವುದು ನಿಜವೇ. ಆದರೆ ಕಂಟೇನರನ್ನು ನಿಲ್ಲಿಸುವ ಡಾಕರ್ ಸ್ಟಾಪ್ ಆದೇಶ ಕೂಡ ಮೊದಲು 'ನಿಲ್ಲು' ಎಂದು ಕೋರುವ ಸಿಗ್‌ಟರ್ಮ್ ಕಳುಹಿಸಿ, ಬೇರೆ ಹೇಳದಿದ್ದರೆ 10 ಸೆಕೆಂಡು ಕಾದು, ಆಗಲೂ ಕಂಟೇನರ್ ನಿಲ್ಲದಿದ್ದರೆ ಇದೇ ಸಿಗ್‌ಕಿಲ್ಲನ್ನು ಪ್ರಯೋಗಿಸುತ್ತದೆ.

ಗಂಟು ಬಿಚ್ಚಿದ್ದು ಸಹೋದ್ಯೋಗಿಯೊಬ್ಬರ ಕಣ್ಣಿಗೆ ಬಿದ್ದ ಒಂದು ಸಣ್ಣ ಸಂಗತಿಯಿಂದ: ಹೊಸ ಆವೃತ್ತಿ ಬಿಡುಗಡೆಯಾದಾಗ ಮಾತ್ರ ಹೀಗಾಗುತ್ತಿತ್ತು, ಮತ್ತು ನಿಲ್ಲಿಸುವ ಆದೇಶಕ್ಕೂ ಲಾಗ್‌ನ ಕೊನೆಯ ಸಾಲಿಗೂ ನಡುವೆ ಪ್ರತಿ ಸಲವೂ ಹತ್ತೇ ಸೆಕೆಂಡುಗಳ ಅಂತರವಿತ್ತು. ಕಂಟೇನರಿನ ವಿವರ ತೋರಿಸುವ ಡಾಕರ್ ಇನ್‌ಸ್ಪೆಕ್ಟ್ ಓಡಿಸಿ ನೋಡಿದೆವು. ಮೆಮೊರಿ ಕಾರಣಕ್ಕೆ ಕೊಲ್ಲಲಾಯಿತೇ ಎಂಬುದನ್ನು ತಿಳಿಸುವ 'ಓಓಎಂ ಕಿಲ್ಡ್' ಎಂಬ ಕಡೆ 'ಫಾಲ್ಸ್' ಎಂದಿತ್ತು. ಈ ಎರಡು ಸಾಕ್ಷ್ಯಗಳ ಜೊತೆಗೆ ಆರಂಭದ ಸ್ಕ್ರಿಪ್ಟನ್ನೂ ಕೊಟ್ಟು ಮತ್ತೆ ಕೇಳಿದಾಗ ಅದೇ ಸಹಾಯಕ ನೇರವಾಗಿ ದೋಷದ ಮೇಲೆ ಬೆರಳಿಟ್ಟಿತು. ಕಂಟೇನರಿನೊಳಗೆ ಪಿಐಡಿ 1 (ಮೊದಲ ಪ್ರಕ್ರಿಯೆ) ಆಗಿ ಕುಳಿತಿದ್ದುದು ಸ್ಕ್ರಿಪ್ಟನ್ನು ಓಡಿಸುವ ಶೆಲ್. ನಮ್ಮ ಪ್ರೋಗ್ರಾಮ್ ಅದರ ಮಗುವಾಗಿ ಓಡುತ್ತಿತ್ತು. ಪಿಐಡಿ 1ರಲ್ಲಿರುವ ಪ್ರಕ್ರಿಯೆಯು ಸಿಗ್‌ಟರ್ಮ್‌ಗೆ ತಾನೇ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಕೋಡ್) ಇಟ್ಟುಕೊಳ್ಳದಿದ್ದರೆ ಆ ಸಿಗ್ನಲ್ ಅದನ್ನು ಕೊಲ್ಲುವುದಿಲ್ಲ, ಮತ್ತು ಶೆಲ್ ಅದನ್ನು ತಾನಾಗಿ ಮಗುವಿಗೆ ದಾಟಿಸುವುದೂ ಇಲ್ಲ. ಹಾಗಾಗಿ ನಿಲ್ಲಬೇಕೆಂಬ ಸುದ್ದಿಯೇ ಇಲ್ಲದ ನಮ್ಮ ಪ್ರೋಗ್ರಾಮ್ ಹೊಸ ಗುಂಪನ್ನು ಕೈಗೆತ್ತಿಕೊಂಡು ಇಮೇಲ್ ಕಳುಹಿಸುತ್ತಲೇ ಇತ್ತು. ಕಳುಹಿಸಿದ್ದನ್ನು ಡೇಟಾಬೇಸಿನಲ್ಲಿ ಗುರುತಿಸುವ ಮುನ್ನವೇ ಸಾಯುತ್ತಿತ್ತು, ಹಾಗಾಗಿ ಅದೇ ಇಮೇಲ್‌ಗಳು ಮತ್ತೆ ಹೋಗುತ್ತಿದ್ದವು. ಸ್ಕ್ರಿಪ್ಟಿನ ಕೊನೆಯ ಸಾಲಿನ ಮೊದಲಿಗೆ 'ಎಕ್ಸೆಕ್' ಎಂಬ ಒಂದೇ ಪದ ಸೇರಿಸಿದ್ದರಿಂದ ಶೆಲ್‌ನ ಜಾಗಕ್ಕೆ ನಮ್ಮ ಪ್ರೋಗ್ರಾಮೇ ಬಂದು ಕುಳಿತಿತು. ಸಿಗ್‌ಟರ್ಮ್ ಬಂದರೆ ಕೈಯಲ್ಲಿರುವ ಗುಂಪನ್ನು ಮುಗಿಸಿ ಹೊರಡುವ ಕೋಡ್ ಅದರಲ್ಲಿ ಮೊದಲಿನಿಂದಲೂ ಇತ್ತು, ಪಾಪ, ಅದಕ್ಕೆ ಸಿಗ್ನಲ್ ತಲುಪಿರಲೇ ಇಲ್ಲ.

ಸಹಾಯಕವನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಒಂದು ಸಂಖ್ಯೆ ಮಾತ್ರ ಕೊಟ್ಟೆ, ಆ ಸಂಖ್ಯೆಗೆ ಎಲ್ಲರೂ ಸಾಮಾನ್ಯವಾಗಿ ಹೇಳುವ ಕಾರಣವನ್ನು ಅದು ಹೇಳಿತು. ಮೊದಲೇ ಅದಕ್ಕೆ ಸಮಯದ ಅಂತರವನ್ನೂ ಸ್ಕ್ರಿಪ್ಟನ್ನೂ ತೋರಿಸಿದ್ದರೆ ಮೆಮೊರಿ ಏರಿಸುತ್ತಾ ಕೂರಬೇಕಾಗಿರಲಿಲ್ಲ.

ಆದೇಶಗಳನ್ನು ಅದರ ಕೈಗೇ ಒಪ್ಪಿಸುವ ವಿಷಯದಲ್ಲಿ ಮಾತ್ರ ನಾನು ಈಗ ಬಿಗಿಯಾಗಿದ್ದೇನೆ. ಒಮ್ಮೆ ನನ್ನ ಯಂತ್ರದಲ್ಲಿ ಡೇಟಾಬೇಸ್ ಕಂಟೇನರ್ ಹಟ ಹಿಡಿದಾಗ, ಎಲ್ಲವನ್ನೂ ಹೊಸದಾಗಿ ಆರಂಭಿಸೋಣವೆಂದು ಅದು ಕಂಟೇನರುಗಳ ಗುಂಪನ್ನು ನಿಲ್ಲಿಸಿ ತೆಗೆಯುವ ಕಂಪೋಸ್ ಡೌನ್ ಆದೇಶಕ್ಕೆ ಮೈನಸ್ ವಿ ಸೇರಿಸಿ ಓಡಿಸಿತು. ಆ ಒಂದಕ್ಷರವು ಕಂಪೋಸ್ ಫೈಲಿನಲ್ಲಿ ಹೆಸರಿಸಿದ ವಾಲ್ಯೂಮ್‌ಗಳನ್ನೂ (ದತ್ತಾಂಶ ಉಳಿಸಿಡುವ ಜಾಗಗಳನ್ನೂ) ಅಳಿಸುತ್ತದೆ. ಎರಡು ದಿನ ಕೂತು ಸಿದ್ಧಪಡಿಸಿದ್ದ ಪರೀಕ್ಷಾ ದತ್ತಾಂಶ ಅದರೊಂದಿಗೆ ಹೋಯಿತು. ಅನುಮತಿ ಕೇಳಿತ್ತು, ನಾನು ಓದದೆ ಎಂಟರ್ ಒತ್ತಿದ್ದೆ. ಈಗ ಅಳಿಸುವ ಆದೇಶಗಳನ್ನು ನಾನೇ ಟೈಪ್ ಮಾಡುತ್ತೇನೆ. ಡಾಕರ್‌ಗೆ ಆದೇಶ ಕೊಡುವ ದಾರಿಯಾದ ಡಾಕರ್ ಸಾಕೆಟ್ಟನ್ನು ಸಹಾಯಕದ ಕಂಟೇನರಿಗೆ ಜೋಡಿಸುವುದಂತೂ ಇಲ್ಲವೇ ಇಲ್ಲ, ಏಕೆಂದರೆ ಸಾಮಾನ್ಯ ವ್ಯವಸ್ಥೆಯಲ್ಲಿ ಅದು ಇಡೀ ಯಂತ್ರದ ರೂಟ್ (ಪೂರ್ಣ) ಅಧಿಕಾರ ಕೊಟ್ಟಂತೆಯೇ.

ಕಂಟೇನರಿಗೆ ಮೂಲವಾದ ಇಮೇಜನ್ನು ಒಪ್ಪುವ ಮುನ್ನ ಈಗ ಕಂಟೇನರನ್ನು ಓಡಿಸಿ, ಕೆಲಸ ನಡೆಯುತ್ತಿರುವಾಗಲೇ ಡಾಕರ್ ಸ್ಟಾಪ್ ಕೊಟ್ಟು ಗಡಿಯಾರ ನೋಡುತ್ತೇನೆ. ಇಮೇಲ್ ಸರ್ವಿಸ್ ಈಗ ಮೂರು ಸೆಕೆಂಡಿನೊಳಗೆ ನಿಲ್ಲುತ್ತದೆ, ಸಂಕೇತ ಸೊನ್ನೆ, ಅಂದರೆ ಸರಿಯಾಗಿ ಮುಗಿದಿದೆ. ಮೆಮೊರಿ ಮಿತಿಯನ್ನು 512 ಎಂಬಿಗೇ ಇಳಿಸಿದ್ದೇವೆ.