ಕುರಿ ಹಿಂಡಿನ ಲೆಕ್ಕಕ್ಕೆ ಸರಳರೇಖೆ ಎಳೆಯುವಾಗ

ಕೊಪ್ಪಳ, ರಾಯಚೂರು ಕಡೆಯ ಒಂದು ಕೆಂಗುರಿ ಹಿಂಡನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 2019ರ ಜುಲೈ ಮಧ್ಯದಲ್ಲಿ ಎಣಿಸಿದಾಗ 120, 2023ರ ಅದೇ ದಿನ 156. ನಾಲ್ಕು ವರ್ಷಕ್ಕೆ 36 ಹೆಚ್ಚಾಯಿತು, ಅಂದರೆ ವರ್ಷಕ್ಕೆ 9. ರೇಖೆಯ ಇಳಿಜಾರು ಇದೇ. N = 120 + 9t ಎಂದು ಬರೆದರೆ 2024ಕ್ಕೆ 165 ಬರುತ್ತದೆ.

ಇಲ್ಲಿ N ಅಂದರೆ ಹಿಂಡಿನ ಕುರಿಗಳ ಸಂಖ್ಯೆ, t ಅಂದರೆ 2019ರಿಂದ ಕಳೆದ ವರ್ಷಗಳು. ಇಸವಿಯನ್ನೇ ನೇರ ಹಾಕಿದರೆ ಸ್ಥಿರಾಂಕ (120ರ ಜಾಗದ ಸಂಖ್ಯೆ) −18,051 ಆಗುತ್ತದೆ. ಲೆಕ್ಕ ತಪ್ಪಲ್ಲ, ಆದರೆ ಆ ಸಂಖ್ಯೆಗೆ ಹಿಂಡಿನಲ್ಲಿ ಯಾವ ಅರ್ಥವೂ ಇಲ್ಲ. ಮೊದಲ ಎಣಿಕೆಯ ವರ್ಷವೇ ಸೊನ್ನೆಯಾಗಲಿ.

ನಿಜವಾದ ತೊಡಕು ಬಕ್ರೀದ್. ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. 2019ರಲ್ಲಿ ಅದು ಆಗಸ್ಟ್ 12ಕ್ಕೆ ಇತ್ತು, 2023ರಲ್ಲಿ ಜೂನ್ 29ಕ್ಕೇ ಬಂತು. ಹಾಗಾಗಿ ಜುಲೈ ಎಣಿಕೆಯಲ್ಲಿ ಮೊದಲ ಸಲ ಮಾರಾಟಕ್ಕೆ ಸಾಕಿದ ಟಗರುಗಳು ಸೇರಿವೆ, ಎರಡನೇ ಸಲ ಅವು ಸಂತೆಗೆ ಹೋಗಿಬಿಟ್ಟಿವೆ. ತಾರೀಖು ಒಂದೇ ಆದರೂ ಎಣಿಸಿದ್ದು ಒಂದೇ ಅಲ್ಲ. 120ರಲ್ಲಿ 25 ಮಾರುವ ಟಗರು ಇದ್ದವು ಅನ್ನಿ. ಅವನ್ನು ಬಿಟ್ಟರೆ ಶುರುವಿನ ಸಂಖ್ಯೆ 95. ಇಳಿಜಾರು 61 ÷ 4, ಅಂದರೆ 15ಕ್ಕಿಂತ ತುಸು ಹೆಚ್ಚು. 9 ಎಲ್ಲಿ, 15 ಎಲ್ಲಿ! ಮೇವಿನ ಅಂದಾಜೇ ಬುಡಮೇಲಾಗುತ್ತದೆ. ಮಾರುವ ಟಗರಿಗೆ ಬೇರೆ ಕಾಲಂ ಇಟ್ಟು, ಎಲ್ಲ ವರ್ಷವೂ ಅದನ್ನು ಬಿಟ್ಟೇ ಎಣಿಸಿ.

ಎರಡೇ ಬಿಂದು ಇದ್ದರೆ ಯಾವ ಹಿಂಡಿಗೂ ಸರಳರೇಖೆ ಹೊಂದುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ನಡುವಿನ ವರ್ಷಗಳೂ ಬೇಕು. 95, 110, 126, 141, 156 ಎಂದಿದ್ದರೆ ವ್ಯತ್ಯಾಸ 15, 16, 15, 15. ಪ್ರತಿ ಸಂಖ್ಯೆಯನ್ನೂ ಹಿಂದಿನ ವರ್ಷದ್ದರಿಂದ ಭಾಗಿಸಿದ ಅನುಪಾತ ನೋಡಿದರೆ 1.16ರಿಂದ 1.11ಕ್ಕೆ ಇಳಿಯುತ್ತಿದೆ. ವ್ಯತ್ಯಾಸ ಸ್ಥಿರ, ಅನುಪಾತ ಸ್ಥಿರವಲ್ಲ: ಇದಕ್ಕೆ ಸರಳರೇಖೆ ಸರಿ. ಅನುಪಾತವೇ ಸ್ಥಿರವಾಗಿದ್ದರೆ ಅದು ಚಕ್ರಬಡ್ಡಿಯ ಬೆಳವಣಿಗೆ, ರೇಖೆ ಬೇಗನೆ ಹಿಂದೆ ಬೀಳುತ್ತದೆ.

ಜಾನುವಾರು ಗಣತಿಯ ಅಂಕಿ ಬಳಸುವವರು ಅಂತರ ನೋಡಿಕೊಳ್ಳಬೇಕು. 2007ರಿಂದ 2012ಕ್ಕೆ ಐದು ವರ್ಷ, 2012ರಿಂದ 2019ಕ್ಕೆ ಏಳು. ಗಣತಿಯ ಕ್ರಮಸಂಖ್ಯೆಯನ್ನೇ t ಎಂದು ಹಿಡಿದರೆ ಇಳಿಜಾರು ಸುಳ್ಳಾಗುತ್ತದೆ. ಇನ್ನು ಸಿರುಗುಪ್ಪದ ಎರೆಭೂತದಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಈ ವಿಧಾನ ಬೇಡವೇ ಬೇಡ. ಇರುವುದೇ ಬೆರಳೆಣಿಕೆಯಷ್ಟು, ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಅಲ್ಲಿ ಒಂದೊಂದು ಹಕ್ಕಿಯದೂ ಬೇರೆ ದಾಖಲೆ ಬೇಕು.

ಮಳೆಗಾಲದ ನಂತರ ನೀಲಿ ನಾಲಿಗೆ ರೋಗ ಬಿದ್ದರೆ ರೇಖೆ ಮುರಿಯುತ್ತದೆ. ಸತ್ತಷ್ಟು ಕಳೆದು ಹಳೆಯ ಇಳಿಜಾರನ್ನೇ ಮುಂದುವರಿಸುವುದು ತಪ್ಪು. ಇಳಿಜಾರು ಅಂದರೆ ಹುಟ್ಟಿದ ಮರಿಗಳಲ್ಲಿ ಮಾರಿದ್ದು, ಸತ್ತದ್ದು ಕಳೆದು ಉಳಿದದ್ದು. 80 ತಾಯಿ ಕುರಿಗಳಿಂದ 70 ಮರಿ, ಹೊರಹೋದವು 55 ಆಗಿದ್ದಕ್ಕೇ 15 ಸಿಕ್ಕಿತ್ತು. 20 ತಾಯಿ ಕುರಿ ಸತ್ತರೆ ಮರಿಗಳು 52ರ ಆಸುಪಾಸಿಗೆ ಇಳಿಯುತ್ತವೆ. ಮಾರಾಟ ಮೊದಲಿನಂತೆಯೇ ನಡೆದರೆ ಇಳಿಜಾರು −3, ಹಿಂಡು ವರ್ಷವರ್ಷ ಕರಗುತ್ತದೆ. ರೋಗ ನಿಂತ ಮೇಲಿನ ಎಣಿಕೆಯಿಂದ t = 0 ಎಂದು ಹೊಸ ರೇಖೆ ಶುರುಮಾಡಿ, ಹೆಣ್ಣುಮರಿ ಮಾರುವುದನ್ನು ಎರಡು ವರ್ಷ ನಿಲ್ಲಿಸಿ.