ಲೇಹ್ ದಾರಿಯಲ್ಲಿ ಕಣ್ಣು ಸ್ಪೀಡ್ ಮೇಲಿರಲಿ

"ಲೇಹ್ ಫ್ಲೈಟ್ ತುಂಬಾ ಅಲುಗಾಡುತ್ತಂತೆ, ಹೌದಾ?" ನಾನು ಪೈಲಟ್ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ದೆಹಲಿ–ಲೇಹ್ ದಾರಿಗೆ ಹೊಸದಾಗಿ ಬರುವ ಕೋ-ಪೈಲಟ್‌ಗಳೂ ಅಲುಗಾಟವನ್ನೇ ಕಾಯುತ್ತಾ ಕೂತಿರುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಬೇರೆ. ಪರ್ವತ ಅಲೆಯೊಳಗೆ ಎಷ್ಟೋ ಸಲ ಲೋಟದ ನೀರೂ ತುಳುಕುವುದಿಲ್ಲ. ಅದಕ್ಕೇ ಅದನ್ನು ನಂಬಬಾರದು.

ಚಳಿಗಾಲದಲ್ಲಿ ಜೋರಾದ ಪಡುವಣ ಗಾಳಿ ಹಿಮಾಲಯದ ಸಾಲುಗಳಿಗೆ ಅಡ್ಡ ಬೀಸುತ್ತದೆ. ವಾತಾವರಣ ಸ್ಥಿರವಾಗಿದ್ದರೆ, ಬೆಟ್ಟ ಹತ್ತಿದ ಗಾಳಿ ಆಚೆ ಬದಿಗೆ ಕುಸಿದು ಮತ್ತೆ ಮೇಲೇಳುತ್ತದೆ. ಹೀಗೆ ಏರಿಳಿಯುತ್ತಲೇ ಬಹುದೂರ ಸಾಗುತ್ತದೆ. ಇದೇ ಪರ್ವತ ಅಲೆ. ಹೊಳೆಯಲ್ಲಿ ಮುಳುಗಿದ ಬಂಡೆ ದಾಟಿದ ಮೇಲೆ ನೀರು ನಿಂತಲ್ಲೇ ಉಬ್ಬಿರುತ್ತದಲ್ಲ, ಹಾಗೆ. ತೇವವಿದ್ದರೆ ಆ ಉಬ್ಬಿನ ಮೇಲೆ ಮಸೂರದಾಕಾರದ ಮೋಡ ಕದಲದೆ ನಿಂತು ಸುಳಿವು ಕೊಡುತ್ತದೆ. ಲಡಾಖ್‌ನ ಒಣ ಹವೆಯಲ್ಲಿ ಆ ಸುಳಿವೂ ಸಿಗದಿರಬಹುದು.

ಆಗ ಉಳಿಯುವುದು ನಮ್ಮ ಎದುರಿನ ಪರದೆ. ಕೆಳಮುಖ ಗಾಳಿ ಸಿಕ್ಕರೆ ಎತ್ತರ ಕಾಯ್ದುಕೊಳ್ಳಲು ಆಟೋಪೈಲಟ್ ಮೂತಿ ಎತ್ತುತ್ತದೆ, ಎಂಜಿನ್ ಬಲ ತಾನಾಗಿ ಏರುತ್ತದೆ. ಎತ್ತರದ ಅಂಕಿ ಒಂದಿಷ್ಟೂ ಬದಲಾಗುವುದಿಲ್ಲ. ಆದರೆ ಸ್ಪೀಡ್ ಪಟ್ಟಿಯ ಪಕ್ಕದ ಹಳದಿ ಬಾಣ ಕೆಳಮುಖವಾಗಿ ಉದ್ದವಾಗುತ್ತದೆ. ಇನ್ನು 10 ಸೆಕೆಂಡಿಗೆ ಸ್ಪೀಡ್ ಎಲ್ಲಿರುತ್ತದೆಂದು ಏರ್‌ಬಸ್ ತೋರಿಸುವುದು ಹಾಗೆ. ಸ್ವಲ್ಪ ಹೊತ್ತಿಗೆ ಮೇಲ್ಮುಖ ಗಾಳಿ. ಎಂಜಿನ್ ಸದ್ದು ಇಳಿಯುತ್ತದೆ, ಸ್ಪೀಡ್ ಮೇಲಿನ ಕೆಂಪು ಗಡಿಯತ್ತ ಓಡುತ್ತದೆ. ಎತ್ತರ ಹೆಚ್ಚಿದಷ್ಟೂ ಈ ಮೇಲಿನ ಗಡಿಗೂ, ಸ್ಪೀಡ್ ಇಳಿಯಬಾರದ ಕೆಳಗಿನ ಗಡಿಗೂ ನಡುವಿನ ಜಾಗ ಕಿರಿದಾಗುತ್ತದೆ. "ಸರ್, ಬಲ ಪೂರ್ತಿ ಇದೆ, ಸ್ಪೀಡ್ ಇನ್ನೂ ಬೀಳ್ತಿದೆ" ಅಂತ ಪಕ್ಕದಲ್ಲಿದ್ದವನು ಬಾಯಿಬಿಟ್ಟು ಹೇಳಿದರೆ ನನಗೆ ತುಂಬಾ ಸಮಾಧಾನ. ನೋಡಬೇಕಾದ್ದನ್ನೇ ನೋಡುತ್ತಿದ್ದಾನೆ.

ಆ ಹೊತ್ತಿನಲ್ಲಿ ಎತ್ತರಕ್ಕೆ ಜೋತುಬೀಳಬಾರದು. ಸ್ಪೀಡ್ ಉಳಿಸಿಕೊಂಡು ಒಂದಷ್ಟು ಅಡಿ ಬಿಟ್ಟುಕೊಡಬೇಕು. ಆದರೆ ಕೆಳಗಿರುವುದು 6,000 ಮೀಟರ್ ಮೀರಿದ ಶಿಖರಗಳು, ಬಿಟ್ಟುಕೊಡಲು ಜಾಗ ಕಮ್ಮಿ. ಹಾಗಾಗಿ ಏರಿಳಿತ ಶುರುವಾಗುತ್ತಲೇ ಏರ್ ಟ್ರಾಫಿಕ್ ಕಂಟ್ರೋಲ್‌ಗೆ ಹೇಳಿ, ಒಂದೇ ಲೆವೆಲ್‌ನ (ಹಾರಲು ಗೊತ್ತುಮಾಡಿದ ಎತ್ತರದ) ಬದಲು ಎರಡು ಲೆವೆಲ್‌ಗಳ ನಡುವಿನ ಜಾಗ ಕೇಳುತ್ತೇನೆ. ಟೀ ಟ್ರಾಲಿ ಒಳಗೆ, ಎಲ್ಲರಿಗೂ ಬೆಲ್ಟ್. ನುಣುಪಾದ ಅಲೆ ಎಲ್ಲಿ ಒಡೆಯುತ್ತದೆ, ಅದರ ಕೆಳಗೆ ಸುರುಳಿ ಗಾಳಿ ಎಲ್ಲಿ ಕಾದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

1966ರ ಮಾರ್ಚ್ 5ರಂದು ಟೋಕಿಯೊದಿಂದ ಹಾಂಗ್‌ಕಾಂಗ್‌ಗೆ ಹೊರಟ ಬ್ರಿಟನ್ನಿನ ವಿಮಾನ ಸಂಸ್ಥೆ ಬಿಒಎಸಿಯ ಬೋಯಿಂಗ್ 707 ಫ್ಯೂಜಿ ಪರ್ವತದ ಬಳಿ ಗಾಳಿಯಲ್ಲೇ ಮುರಿದುಬಿತ್ತು. 124 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವತ್ತು ಆಕಾಶ ಶುಭ್ರವಾಗಿತ್ತು. ಹುಡುಕಲು ಹೋದ ಅಮೆರಿಕದ ನೌಕಾಪಡೆಯ ಯುದ್ಧವಿಮಾನವೂ ಅದೇ ಜಾಗದಲ್ಲಿ ಭಯಂಕರ ಕುಲುಕಾಟಕ್ಕೆ ಸಿಕ್ಕಿತ್ತು. ಈ ಸಂಗತಿಯನ್ನು ನನ್ನ ಜೊತೆ ಹಾರುವ ಪ್ರತಿ ಹೊಸಬರಿಗೂ ಹೇಳುತ್ತೇನೆ.

ಇನ್ನೊಂದು ಮಾತು, ವರದಿ. ಅಲುಗಾಡಲೇ ಇಲ್ಲವಲ್ಲ ಎಂದು ಸುಮ್ಮನಿರುವ ಅಭ್ಯಾಸ ಬಿಡಬೇಕು. ಕೆಳಮುಖ ಗಾಳಿ ನಿಮಿಷಕ್ಕೆ 600 ಅಡಿ ಮುಟ್ಟಿದರೆ ಹವಾಮಾನದ ಲೆಕ್ಕದಲ್ಲಿ ಅದು ತೀವ್ರ ಅಲೆ, ನಮಗೆ ಎಷ್ಟೇ ಹಿತವಾಗಿ ಕಂಡರೂ. ಜಾಗ, ಸಮಯ, ಲೆವೆಲ್, ಸ್ಪೀಡ್ ಎಷ್ಟರಿಂದ ಎಷ್ಟಕ್ಕೆ ಹೋಯಿತು, ಇಷ್ಟನ್ನು ರೇಡಿಯೊದಲ್ಲಿ ಹೇಳಲು ಅರ್ಧ ನಿಮಿಷ ಸಾಕು. ನಮ್ಮ ಹಿಂದೆ ಬರುವ ವಿಮಾನದವರು ಅದನ್ನು ಕೇಳಿ ಬೆಟ್ಟ ಬರುವ ಮುಂಚೆಯೇ ಟ್ರಾಲಿ ಒಳಗೆ ಹಾಕಿಸುತ್ತಾರೆ.